ಹಳೆಯ ಬೀದಿ, ಹೊಸ ಅರ್ಜಿ: ಪಾರಂಪರಿಕ ವಲಯಗಳಲ್ಲಿ ಕಟ್ಟಡ ಬದಲಾವಣೆಯ ಪರಿಶೀಲನೆ

ಪಾರಂಪರಿಕ ವಲಯವೆಂದು ಘೋಷಣೆಯಾದ ಬಡಾವಣೆಯಲ್ಲಿ ಮನೆಯ ಮಾಲೀಕರು ಕಿಟಕಿ ಬದಲಿಸಬೇಕಾದರೂ, ತಾರಸಿಯ ಮೇಲೆ ಇನ್ನೊಂದು ಕೋಣೆ ಎತ್ತಬೇಕಾದರೂ ಮಾಮೂಲಿ ನಕ್ಷೆ ಮಂಜೂರಾತಿಯ ಜೊತೆಗೆ ಮತ್ತೊಂದು ಒಪ್ಪಿಗೆ ಪಡೆಯಬೇಕಾಗುತ್ತದೆ. ನಕ್ಷೆ ಮಂಜೂರು ಮಾಡುವ ಇಲಾಖೆ ಕಟ್ಟಡ ಗಟ್ಟಿಯಾಗಿದೆಯೇ, ಬೆಂಕಿ ಬಿದ್ದರೆ ಜನ ಹೊರಬರಲು ದಾರಿಯಿದೆಯೇ, ಸುತ್ತ ಬಿಡಬೇಕಾದ ಜಾಗ ಬಿಟ್ಟಿದ್ದಾರೆಯೇ ಎಂದು ನೋಡುತ್ತದೆ. ಎರಡನೆಯ ಒಪ್ಪಿಗೆಯಲ್ಲಿ ಕೇಳುವ ಪ್ರಶ್ನೆ ಬೇರೆ: ಈ ಕೆಲಸ ಮುಗಿದ ಮೇಲೂ ಬೀದಿ ತನ್ನ ಗುರುತು ಉಳಿಸಿಕೊಂಡಿರುತ್ತದೆಯೇ? ಈ ಪ್ರಶ್ನೆಗೆ ಯಾರು, ಯಾವ ಅಧಿಕಾರದಿಂದ, ಯಾವ ಅಳತೆಗೋಲು ಹಿಡಿದು ಉತ್ತರ ಕೊಡುತ್ತಾರೆ ಎಂಬುದು ಊರಿಂದ ಊರಿಗೆ ಬೇರೆ. ಅಮೆರಿಕದ ನಗರಗಳಲ್ಲಿ, ಅದರಲ್ಲೂ ನ್ಯೂಯಾರ್ಕಿನಲ್ಲಿ, ಈ ಪದ್ಧತಿ ತುಂಬ ವಿವರವಾಗಿ ಬೆಳೆದಿದೆ. ಭಾರತದಲ್ಲಿ ಮುಂಬೈ ಅದನ್ನು ತನ್ನದೇ ರೀತಿಯಲ್ಲಿ ರೂಢಿಸಿಕೊಂಡಿತು. ಕರ್ನಾಟಕದಲ್ಲಿ ಅದಿನ್ನೂ ಅರ್ಧ ದಾರಿಯಲ್ಲಿದೆ.

ಒಂಟಿ ಸ್ಮಾರಕವನ್ನು ಕಾಪಾಡುವ ಕಾನೂನುಗಳು ಹಳೆಯವು. ಬ್ರಿಟಿಷ್ ಆಡಳಿತದ ಭಾರತಕ್ಕೇ 1904ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಬಂದಿತ್ತು. ಗುಡಿ, ಗೋರಿ, ಕೋಟೆಗಳಿಗೆ ಬೇಲಿ ಹಾಕಿ ಫಲಕ ನೆಟ್ಟರೆ ಅರ್ಧ ಕೆಲಸ ಮುಗಿಯಿತು. ಅಲ್ಲಿ ಒಲೆ ಹಚ್ಚುವವರಿಲ್ಲ, ಮಗಳ ಮದುವೆಗೆ ಮುಂಚೆ ಮನೆಗೆ ಬಣ್ಣ ಬಳಿಸುವವರಿಲ್ಲ. ಜನ ಸಂಸಾರ ಮಾಡಿಕೊಂಡಿರುವ, ಅಂಗಡಿ ನಡೆಸುವ, ಕೊಂಡು ಮಾರುವ ಇಡೀ ಬಡಾವಣೆಯನ್ನು ಕಾಪಾಡುವುದು ಬೇರೆಯೇ ಕಷ್ಟದ ಕೆಲಸ. ಅಮೆರಿಕದಲ್ಲಿ ಅದಕ್ಕೆ ಮೊದಲು ಕೈಹಾಕಿದ ಊರು ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್. ಮೋಟಾರು ಕಾರು ಬಂದ ಮೇಲೆ ಪೆಟ್ರೋಲ್ ಬಂಕಿಗೆ ಮೂಲೆ ನಿವೇಶನಗಳು ಬೇಕಾದವು. ಅಂಥ ಮೂಲೆಗಳಲ್ಲಿ ನೂರಾರು ವರ್ಷದ ಮನೆಗಳಿದ್ದವು, ಅವು ಉರುಳತೊಡಗಿದವು. ಉಳಿದ ಮನೆಗಳ ಒಳಗಿನ ಮರಗೆಲಸ, ಕಬ್ಬಿಣದ ಗೇಟುಗಳನ್ನು ವಸ್ತುಸಂಗ್ರಹಾಲಯಗಳೂ ಸಿರಿವಂತ ಸಂಗ್ರಾಹಕರೂ ಕೊಂಡೊಯ್ಯುತ್ತಿದ್ದರು. 1920ರಲ್ಲಿ ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬ ಮಹಿಳೆಯ ಮುಂದಾಳತ್ವದಲ್ಲಿ ಹಳೆಯ ಮನೆಗಳ ರಕ್ಷಣೆಗೆ ಸಂಘವೊಂದು ಹುಟ್ಟಿತು. 1931ರಲ್ಲಿ ನಗರಸಭೆ ವಲಯ ನಿಯಮಗಳ ಭಾಗವಾಗಿ ಹಳೆಯ ಬಡಾವಣೆಯ ಗಡಿ ಗುರುತಿಸಿ, ಅದರೊಳಗಿನ ಬದಲಾವಣೆಗಳನ್ನು ನೋಡಲು ವಾಸ್ತು ಪರಿಶೀಲನಾ ಮಂಡಳಿಯನ್ನು ನೇಮಿಸಿತು. ಕಟ್ಟಡದ ಹೊರಮೈ ಬದಲಾಯಿಸುವವರು ಈ ಮಂಡಳಿಯ ಮುಂದೆ ನಕ್ಷೆ ಹಿಡಿದು ನಿಲ್ಲಬೇಕಾಯಿತು. ವಿಚಿತ್ರವೆಂದರೆ, ಮನೆಯ ಮುಂಬಾಗಿಲು ಹೇಗಿರಬೇಕೆಂದು ಹೇಳಬಲ್ಲ ಮಂಡಳಿಗೆ ಆ ಮನೆಯನ್ನು ಕೆಡವಬೇಡಿ ಎನ್ನುವ ಅಧಿಕಾರ ಇರಲಿಲ್ಲ. ಕೆಡಹುವುದನ್ನು ಕೆಲಕಾಲ ತಡೆಹಿಡಿಯುವ ಅಧಿಕಾರ 1959ರಲ್ಲಿ, ನಿರಾಕರಿಸುವ ಅಧಿಕಾರ 1966ರಲ್ಲಿ ಸಿಕ್ಕಿತು.

ನ್ಯೂ ಆರ್ಲಿಯನ್ಸ್ ಇನ್ನೊಂದು ದಾರಿ ಹಿಡಿಯಿತು. ಫ್ರೆಂಚರು ಹಾಕಿದ ಹಳೆಯ ಊರಿನ ರಕ್ಷಣೆಗೆಂದು 1936ರಲ್ಲಿ ಲೂಯಿಸಿಯಾನ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿಯಾಯಿತು. ಮರುವರ್ಷ ನಗರ ಅಲ್ಲಿಗೆ ಪ್ರತ್ಯೇಕ ಆಯೋಗ ರಚಿಸಿತು. 1941ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯದ ಮುಂದೆ ಪೆಟ್ರೋಲ್ ಬಂಕಿನ ಮಾಲೀಕರೊಬ್ಬರ ಪ್ರಕರಣ ಬಂತು. ನಿಯಮ ಮೀರಿದ ಅಳತೆಯ ಫಲಕ ಹಾಕಿದ್ದು ಅವರ ಮೇಲಿದ್ದ ಆರೋಪ. ಅವರ ವಾದ ಸರಳವಾಗಿತ್ತು: ತನ್ನ ಬಂಕೇ ಆಧುನಿಕ ಕಟ್ಟಡ, ಅದರಲ್ಲಿ ಇತಿಹಾಸ ಏನೂ ಇಲ್ಲ, ಹಾಗಿರುವಾಗ ಅದರ ಮೇಲಿನ ಬೋರ್ಡಿಗೆ ಪರಂಪರೆಯ ಕಟ್ಟುಪಾಡೇಕೆ? ನ್ಯಾಯಾಲಯ ಒಪ್ಪಲಿಲ್ಲ. ಕಾನೂನು ಕಾಪಾಡುತ್ತಿರುವುದು ಬಿಡಿ ಕಟ್ಟಡಗಳನ್ನಷ್ಟೇ ಅಲ್ಲ, ಎಲ್ಲವೂ ಕೂಡಿ ಮೂಡಿಸುವ ಒಟ್ಟು ನೋಟವನ್ನು. ಆದ್ದರಿಂದ ಆ ನೋಟದೊಳಗೆ ಬೀಳುವ ಹೊಸ ಕಟ್ಟಡವೂ ನಿಯಮಕ್ಕೆ ಒಳಪಡುತ್ತದೆ ಎಂದಿತು. ವಲಯ ರಕ್ಷಣೆಯ ಇಡೀ ತರ್ಕ ಈ ಒಂದು ಮಾತಿನ ಮೇಲೆ ನಿಂತಿದೆ. ಮುಂದೆ ಕಾಣುವಂತೆ, ಕರ್ನಾಟಕದ ಊರುಗಳಿಗೆ ಕೊರತೆ ಬಿದ್ದಿರುವುದೂ ಇದೇ ತರ್ಕ.

ನ್ಯೂಯಾರ್ಕ್ ತಡವಾಗಿ ಎಚ್ಚೆತ್ತಿತು. 1910ರಲ್ಲಿ ತೆರೆದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣದ ಅಮೃತಶಿಲೆ, ಗ್ರಾನೈಟ್ ಕಂಬಗಳನ್ನು 1963ರ ಅಕ್ಟೋಬರಿನಿಂದ ಒಡೆಯತೊಡಗಿದಾಗ ಅದನ್ನು ತಡೆಯುವ ಕಾನೂನು ನಗರದಲ್ಲಿ ಇರಲಿಲ್ಲ. ಆ ಸಿಟ್ಟಿನ ಬೆನ್ನಿಗೆ 1965ರ ಏಪ್ರಿಲ್‌ನಲ್ಲಿ ಮೇಯರ್ ರಾಬರ್ಟ್ ವ್ಯಾಗ್ನರ್ ಹೊಸ ಕಾನೂನಿಗೆ ಸಹಿ ಹಾಕಿದರು. ಲ್ಯಾಂಡ್‌ಮಾರ್ಕ್ಸ್ ಸಂರಕ್ಷಣಾ ಆಯೋಗ ಹುಟ್ಟಿತು. ಅದೇ ವರ್ಷ ಬ್ರೂಕ್ಲಿನ್ ಹೈಟ್ಸ್ ನಗರದ ಮೊದಲ ಪಾರಂಪರಿಕ ವಲಯವಾಯಿತು. ಇಂದು ನಗರದಲ್ಲಿ 38 ಸಾವಿರಕ್ಕೂ ಹೆಚ್ಚು ಆಸ್ತಿಗಳು ಈ ಕಾನೂನಿನ ರಕ್ಷಣೆಯಲ್ಲಿವೆ. ಬಿಡಿ ಬಿಡಿಯಾಗಿ ಘೋಷಿತವಾದವು ಅದರಲ್ಲಿ ಸಣ್ಣ ಪಾಲು. ಬಹುಪಾಲು ವಲಯಗಳೊಳಗಿನ ಸಾಮಾನ್ಯ ಮನೆ, ಅಂಗಡಿ, ವಠಾರಗಳು.

ಆಯೋಗದಲ್ಲಿ 11 ಸದಸ್ಯರು. ಕನಿಷ್ಠ ಮೂವರು ವಾಸ್ತುಶಿಲ್ಪಿಗಳು, ಒಬ್ಬ ಇತಿಹಾಸಕಾರ, ಒಬ್ಬ ನಗರ ಯೋಜಕ ಅಥವಾ ಭೂದೃಶ್ಯ ವಿನ್ಯಾಸಕ, ಒಬ್ಬ ರಿಯಲ್ ಎಸ್ಟೇಟ್ ವ್ಯವಹಾರ ಬಲ್ಲವರು ಇರಬೇಕು. ಬರೋ ಎಂದು ಕರೆಯುವ ನಗರದ ಐದು ಆಡಳಿತ ವಿಭಾಗಗಳಿಂದಲೂ ಒಬ್ಬೊಬ್ಬರಾದರೂ ನಿವಾಸಿ ಇರಬೇಕು. ಅಧ್ಯಕ್ಷರಿಗೆ ಮಾತ್ರ ಸಂಬಳ. ಉಳಿದವರದು ಸಂಬಳವಿಲ್ಲದ ಸೇವೆ. ಭೂವ್ಯವಹಾರದವರನ್ನು ಕಾನೂನಿನಲ್ಲೇ ಸೇರಿಸಿ, ಪಾಲಿಕೆಯ ಹೊರಗೆ ನಿಂತು ಬಾಗಿಲು ಬಡಿಯುವವರನ್ನು ಮೇಜಿನ ಸುತ್ತ ಕೂರಿಸಿದ್ದು ಜಾಣ ನಿರ್ಧಾರವೇ.

ವಲಯವೊಂದು ಘೋಷಣೆಯಾಗಬೇಕಾದರೆ ಮೊದಲು ಸಿಬ್ಬಂದಿ ಬೀದಿ ಬೀದಿ ಸುತ್ತಿ ಪ್ರತಿ ಕಟ್ಟಡದ ವಿವರ ಬರೆಯುತ್ತಾರೆ. ಬಹಿರಂಗ ವಿಚಾರಣೆಯ ನಂತರ ಆಯೋಗ ಮತ ಹಾಕುತ್ತದೆ. ನಗರ ಪರಿಷತ್ತು ಅದನ್ನು ಒಪ್ಪಬಹುದು, ತಿದ್ದಬಹುದು, ತಳ್ಳಿಹಾಕಬಹುದು. 1969ರಲ್ಲಿ ಗ್ರೀನಿಚ್ ವಿಲೇಜ್ ವಲಯವಾದಾಗ ಹೊರಬಂದ ವರದಿ ಎರಡು ಸಂಪುಟಗಳದು. ಎರಡು ಸಾವಿರಕ್ಕೂ ಹೆಚ್ಚು ಕಟ್ಟಡಗಳ ವಿವರ ಅದರಲ್ಲಿದೆ. ಯಾವ ಮನೆ ಯಾವ ಕಾಲದ್ದು, ಯಾರಿಗಾಗಿ ಕಟ್ಟಿದ್ದು, ಬಾಗಿಲ ಚೌಕಟ್ಟು ಮೂಲದ್ದೋ ಆಮೇಲಿನದ್ದೋ ಎಂಬುದೆಲ್ಲ ಅಲ್ಲಿ ದಾಖಲು. ಮುಂದೆ ಬರುವ ಪ್ರತಿಯೊಂದು ಅರ್ಜಿಯನ್ನೂ ಈ ದಾಖಲೆಯ ಎದುರು ಹಿಡಿದು ನೋಡಲಾಗುತ್ತದೆ. ಅದು ಸಾಲದಿದ್ದಾಗ ಇನ್ನೊಂದು ಮೂಲವಿದೆ. 1939ರಿಂದ 1941ರ ನಡುವೆ ನಗರದ ಕಂದಾಯ ವಿಭಾಗ ತೆರಿಗೆ ನಿರ್ಧರಿಸಲು ಐದೂ ಬರೋಗಳ ಕಟ್ಟಡಗಳ ಫೋಟೊ ತೆಗೆಸಿತ್ತು. ತೆರಿಗೆ ವಸೂಲಿಗಾಗಿ ತೆಗೆದ ಆ ಕಪ್ಪು ಬಿಳುಪು ಚಿತ್ರಗಳೇ, ಕಳಚಿಹೋದ ಕಾರ್ನಿಸ್ ಹೇಗಿತ್ತು, ಮೆಟ್ಟಿಲ ಕಟಾಂಜನ ಎಂಥದ್ದು ಎಂಬುದಕ್ಕೆ ಇಂದು ಸಾಕ್ಷಿ.

ಘೋಷಣೆಯಾದ ಮೇಲೆ ಮಾಲೀಕರು ಮನೆಯನ್ನು ಮೂಲರೂಪಕ್ಕೆ ತರಲೇಬೇಕೆಂಬ ಕಟ್ಟಳೆ ಇಲ್ಲ. ಇದ್ದದ್ದು ಇದ್ದಂತೆ ಇರಬಹುದು. ಬದಲಿಸಲು ಹೊರಟಾಗ ಮಾತ್ರ ಅರ್ಜಿ. ಒಡೆದ ಗಾಜು ಹಾಕಿಸುವುದು, ಇರುವ ಬಣ್ಣವನ್ನೇ ಮತ್ತೆ ಬಳಿಯುವುದು, ಬಿರುಕಿಗೆ ಮೆತ್ತುವುದು ಇತ್ಯಾದಿ ಸಣ್ಣಪುಟ್ಟ ದುರಸ್ತಿಗೆ ಯಾರ ಒಪ್ಪಿಗೆಯೂ ಬೇಡ. ಅದಕ್ಕೂ ಮೇಲಿನ ಕೆಲಸಗಳಿಗೆ ಮೂರು ಬಗೆಯ ಪತ್ರಗಳಿವೆ. ಕಟ್ಟಡ ಇಲಾಖೆಯ ಪರವಾನಗಿ ಬೇಕಾದರೂ ರಕ್ಷಿತ ಭಾಗಕ್ಕೆ ಧಕ್ಕೆ ತಾರದ ಕೆಲಸಕ್ಕೆ, ಉದಾಹರಣೆಗೆ ಒಳಗಿನ ಕೊಳಾಯಿ ಬದಲಿಸಲು, ‘ಪರಿಣಾಮವಿಲ್ಲ’ ಎಂಬ ಪ್ರಮಾಣಪತ್ರ. ಆ ಇಲಾಖೆಯ ಪರವಾನಗಿ ಬೇಡದ, ಆದರೆ ಹೊರಮೈಯನ್ನು ಮುಟ್ಟುವ ಕಿಟಕಿ ಬದಲಾವಣೆಯಂಥ ಕೆಲಸಕ್ಕೆ ಸಣ್ಣ ಕೆಲಸದ ಪರವಾನಗಿ. ಇವೆರಡರ ವ್ಯಾಪ್ತಿಗೆ ಬಾರದ ಎಲ್ಲಕ್ಕೂ ‘ಯುಕ್ತತೆ’ಯ ಪ್ರಮಾಣಪತ್ರ, ಅದನ್ನು ಕೊಡುವುದು ಬಹಿರಂಗ ವಿಚಾರಣೆ ನಡೆಸಿದ ಪೂರ್ಣ ಆಯೋಗ. ವರ್ಷಕ್ಕೆ ಸಾವಿರಗಟ್ಟಲೆ ಬರುವ ಅರ್ಜಿಗಳಲ್ಲಿ ತೀರ ದೊಡ್ಡ ಪಾಲು ಮೊದಲ ಎರಡು ಬಗೆಯವು. ಸಿಬ್ಬಂದಿ ಲಿಖಿತ ನಿಯಮ ನೋಡಿ ಅವನ್ನು ಮುಗಿಸುತ್ತಾರೆ. ಪತ್ರಿಕೆಗಳಲ್ಲಿ ಸುದ್ದಿಯಾಗುವುದು ಉಳಿದ ಬೆರಳೆಣಿಕೆಯ ಶೇಕಡಾ ಮಾತ್ರ.

ಸುದ್ದಿಯಾಗದ ಆ ಸಣ್ಣ ಅರ್ಜಿಗಳಲ್ಲೇ ವಲಯದ ಅಳಿವು ಉಳಿವು ಇದೆ. ಕಿಟಕಿಯನ್ನೇ ನೋಡಬಹುದು. 19ನೆಯ ಶತಮಾನದ ಸಾಲುಮನೆಯ ಕಿಟಕಿ ಎಂದರೆ ಮೇಲೆ ಕೆಳಗೆ ಸರಿಯುವ ಎರಡು ಮರದ ರೆಕ್ಕೆಗಳು. ಮೇಲಿನ ರೆಕ್ಕೆ ಹೊರಗಡೆಗೆ, ಕೆಳಗಿನದು ಒಂದು ಹಲಗೆಯಷ್ಟು ಒಳಗಡೆಗೆ ಕೂತಿರುತ್ತದೆ. ಇಟ್ಟಿಗೆ ಗೋಡೆಯ ಅಂಚಿನಿಂದ ಚೌಕಟ್ಟು ಹಿಂದೆ ಸರಿದಿರುತ್ತದೆ. ಚೌಕಟ್ಟಿನ ಸುತ್ತ ಕಡೆದ ಮರದ ಪಟ್ಟಿ. ಬೆಳಗಿನ ಬಿಸಿಲು ಬಿದ್ದಾಗ ಈ ಹಿಂದುಮುಂದುಗಳು ಮೂರು ನಾಲ್ಕು ನೆರಳಿನ ಗೆರೆ ಎಳೆಯುತ್ತವೆ. ಅದನ್ನು ಕಿತ್ತು ಚಪ್ಪಟೆ ಅಲ್ಯುಮಿನಿಯಂ ಚೌಕಟ್ಟಿನ, ಕಡ್ಡಿಗಳನ್ನು ಎರಡು ಗಾಜಿನ ನಡುವೆ ಅಂಟಿಸಿದ ಕಿಟಕಿ ಹಾಕಿದರೆ ಅಳತೆ ಅದೇ, ಆಕಾರವೂ ದೂರದಿಂದ ಅದೇ. ಆದರೆ ನೆರಳು ಹೋಯಿತು. ಒಂದು ಮನೆಯಲ್ಲಿ ಹೀಗಾದರೆ ಯಾರ ಕಣ್ಣಿಗೂ ಬೀಳದು. ಬೀದಿಯ ನಲವತ್ತು ಮನೆಗಳಲ್ಲಿ ಆದರೆ ಒಂದೂ ಕಟ್ಟಡ ಬೀಳದೆಯೂ ಬೀದಿ ಸತ್ತಿರುತ್ತದೆ. ಆದ್ದರಿಂದಲೇ ನ್ಯೂಯಾರ್ಕಿನ ನಿಯಮಪುಸ್ತಕ ಕಿಟಕಿಯ ವಿಂಗಡಣೆ, ಅದು ತೆರೆಯುವ ರೀತಿ, ಅಂಚುಗಳ ವಿವರ, ಬಣ್ಣ ಎಲ್ಲ ಹೊಂದಬೇಕೆನ್ನುತ್ತದೆ. ಎಲ್ಲಿ ಮರವೇ ಆಗಬೇಕು, ಎಲ್ಲಿ ಬೇರೆ ವಸ್ತು ನಡೆಯುತ್ತದೆ ಎಂಬುದನ್ನೂ ಬಿಡಿಸಿ ಹೇಳುತ್ತದೆ. ಬೀದಿಗೆ ಕಾಣದ ಹಿಂಬದಿಯ ಕಿಟಕಿಗೆ ನಿಯಮ ಸಡಿಲ. ಬೃಹತ್ ವಸತಿ ಕಟ್ಟಡಗಳಲ್ಲಿ ಒಬ್ಬೊಬ್ಬ ನಿವಾಸಿ ಒಂದೊಂದು ಕಾಲಕ್ಕೆ ಬದಲಿಸುತ್ತಾರಾದ್ದರಿಂದ ಇಡೀ ಕಟ್ಟಡಕ್ಕೆ ಮೊದಲೇ ಒಂದು ಮಾದರಿ ಗೊತ್ತುಮಾಡಿಡುವ ವ್ಯವಸ್ಥೆಯೂ ಉಂಟು. ಆಮೇಲೆ ಬರುವವರು ಅದೇ ಮಾದರಿ ಹಾಕಿಸಿದರಾಯಿತು.

ಗಾರೆಯ ವಿಷಯವೂ ಇಷ್ಟೇ ಸೂಕ್ಷ್ಮ, ಅಲ್ಲಿ ಮಾತ್ರ ಕಾರಣ ನೋಟಕ್ಕಿಂತ ಆಳದ್ದು. ಹಳೆಯ ಇಟ್ಟಿಗೆ ಮೆದು, ಅದನ್ನು ಕೂಡಿಸಿದ್ದು ಸುಣ್ಣದ ಗಾರೆ. ಗೋಡೆಯೊಳಗಿನ ತೇವ ಆ ಮೆದು ಗಾರೆಯ ಮೂಲಕ ಹೊರಗೆ ಆರುತ್ತದೆ. ಸಂದು ಸವೆದಾಗ ಮೇಸ್ತ್ರಿ ಗಟ್ಟಿ ಸಿಮೆಂಟು ತುಂಬಿದರೆ ತೇವಕ್ಕೆ ದಾರಿ ಇಟ್ಟಿಗೆಯೊಂದೇ; ಕೆಲವು ವರ್ಷಗಳಲ್ಲಿ ಇಟ್ಟಿಗೆಯ ಮುಖ ಪದರ ಪದರವಾಗಿ ಉದುರುತ್ತದೆ, ಸಿಮೆಂಟಿನ ಗೆರೆಗಳು ಮಾತ್ರ ಚಾಚಿಕೊಂಡು ನಿಲ್ಲುತ್ತವೆ. ಇದು ನ್ಯೂಯಾರ್ಕಿನ ಗೋಡೆಗೆ ಎಷ್ಟು ನಿಜವೋ ಮೈಸೂರಿನ ಸುಣ್ಣದ ಗೋಡೆಗೂ ಅಷ್ಟೇ ನಿಜ. ಗಟ್ಟಿಯಾದದ್ದೇ ಒಳ್ಳೆಯದು ಎಂಬ ನಂಬಿಕೆಯಿಂದ ಹಳೆಯ ಮನೆಗಳಿಗೆ ಸಿಮೆಂಟು ಪ್ಲಾಸ್ಟರು ಮೆತ್ತಿಸಿದವರು ನಮ್ಮ ಊರುಗಳಲ್ಲೂ ಕಡಿಮೆಯಿಲ್ಲ. ಪರಿಶೀಲನಾ ಸಿಬ್ಬಂದಿ ಗಾರೆಯ ಮಿಶ್ರಣ ಕೇಳುವುದು, ಗೋಡೆಯ ಒಂದು ಮೂಲೆಯಲ್ಲಿ ಮಾದರಿ ಮಾಡಿಸಿ ನೋಡುವುದು ಹಟಮಾರಿತನವೆಂದು ಕಂಡೀತು; ವಾಸ್ತವವಾಗಿ ಮಾಲೀಕರ ಆಸ್ತಿ ಉಳಿಸುವ ಕೆಲಸ ಅದು.

ತಾರಸಿಯ ಮೇಲೆ ಹೊಸ ಕೋಣೆ ಎತ್ತುವುದಾದರೆ ಪರೀಕ್ಷೆ ಬಯಲಿನಲ್ಲೇ ನಡೆಯುತ್ತದೆ. ಅರ್ಜಿದಾರರು ಉದ್ದೇಶಿತ ಕೋಣೆಯ ಅಳತೆಗೆ ಸರಿಯಾಗಿ ತಾರಸಿಯಲ್ಲಿ ಮರದ ಕಂಬ ನಿಲ್ಲಿಸಿ ಕಿತ್ತಳೆ ಬಣ್ಣದ ಬಲೆ ಕಟ್ಟಬೇಕು. ಸಿಬ್ಬಂದಿ ಕೆಳಗೆ ಬೀದಿಯಲ್ಲಿ ನಡೆದಾಡಿ, ಎದುರು ಪಾದಚಾರಿ ಮಾರ್ಗದಿಂದ, ಮುಂದಿನ ತಿರುವಿನಿಂದ ಬಲೆ ಎಷ್ಟು ಕಾಣುತ್ತದೆಂದು ಫೋಟೊ ತೆಗೆಯುತ್ತಾರೆ. ಕಾಣದಿದ್ದರೆ, ಉಳಿದ ನಿಯಮಗಳಿಗೂ ಹೊಂದಿದರೆ, ಸಿಬ್ಬಂದಿ ಮಟ್ಟದಲ್ಲೇ ಮುಗಿಯುತ್ತದೆ. ಎದ್ದು ಕಂಡರೆ ಪೂರ್ಣ ಆಯೋಗಕ್ಕೆ. ನಕ್ಷೆಯಲ್ಲಿ ಮರೆಮಾಚಬಹುದಾದದ್ದನ್ನು ಬಲೆ ಮರೆಮಾಚದು. ಅಗ್ಗದ, ಯಾರಿಗೂ ಅರ್ಥವಾಗುವ ಇಂಥ ಉಪಾಯ ಈ ಇಡೀ ಪದ್ಧತಿಯಲ್ಲಿ ಇನ್ನೊಂದಿಲ್ಲ.

ಪೂರ್ಣ ಆಯೋಗದ ಸಭೆ ಸಾಮಾನ್ಯವಾಗಿ ಮಂಗಳವಾರ. ಅದಕ್ಕೆ ಮುಂಚೆ ಅರ್ಜಿ ಆಯಾ ಪ್ರದೇಶದ ಸಮುದಾಯ ಮಂಡಳಿಗೆ ಹೋಗಿರುತ್ತದೆ. ನಗರದಲ್ಲಿ ಇಂಥ 59 ಮಂಡಳಿಗಳಿವೆ. ಅವುಗಳ ಅಭಿಪ್ರಾಯ ಸಲಹೆಯಷ್ಟೇ, ಆದರೆ ನೆರೆಹೊರೆಯವರ ಮೊದಲ ಸಿಟ್ಟು ಅಲ್ಲೇ ಹೊರಬೀಳುತ್ತದೆ. ಆಯೋಗದ ಮುಂದೆ ವಾಸ್ತುಶಿಲ್ಪಿ ಚಿತ್ರ ತೋರಿಸಿ ವಿವರಿಸುತ್ತಾರೆ. ಯಾರು ಬೇಕಾದರೂ ಕೆಲವು ನಿಮಿಷ ಮಾತಾಡಬಹುದು. ಹಿಸ್ಟಾರಿಕ್ ಡಿಸ್ಟ್ರಿಕ್ಟ್ಸ್ ಕೌನ್ಸಿಲ್ ಎಂಬ ನಾಗರಿಕ ಸಂಸ್ಥೆ ವಲಯಗಳ ಅರ್ಜಿಗಳನ್ನು ಒಂದೂ ಬಿಡದೆ ನೋಡಿ ತನ್ನ ಅಭಿಪ್ರಾಯ ಸಲ್ಲಿಸುತ್ತದೆ. ಬಳಿಕ ಸದಸ್ಯರು ಎಲ್ಲರೆದುರೇ ಚರ್ಚಿಸುತ್ತಾರೆ. ಸಾರಾಸಗಟು ತಿರಸ್ಕಾರ ಅಪರೂಪ. ‘ಸದ್ಯಕ್ಕೆ ನಿರ್ಣಯವಿಲ್ಲ, ಎತ್ತರ ತಗ್ಗಿಸಿ, ಇಟ್ಟಿಗೆಯ ಬಣ್ಣ ಬದಲಿಸಿ ಮತ್ತೆ ಬನ್ನಿ’ ಎಂದು ಕಳುಹಿಸುವುದೇ ಹೆಚ್ಚು. ಇದು ಗೊತ್ತಿದ್ದು, ಎರಡು ಅಂತಸ್ತು ಬೇಕಾದವರು ಮೂರಕ್ಕೆ ಅರ್ಜಿ ಹಾಕುವ ಚಮತ್ಕಾರ ಚೌಕಾಸಿ ಇರುವ ಎಲ್ಲ ಕಡೆಯಂತೆ ಇಲ್ಲಿಯೂ ನಡೆಯುತ್ತದೆ.

ತೀರ ಕಷ್ಟದ ಪ್ರಶ್ನೆ ಖಾಲಿ ನಿವೇಶನದ್ದು. ಹಳೆಯ ಸಾಲಿನ ನಡುವೆ ಹೊಸ ಕಟ್ಟಡ ಬಂದರೆ ಅದು ಹಳೆಯದರಂತೆಯೇ ಇರಬೇಕೋ, ತನ್ನ ಕಾಲದ್ದೆಂದು ತೋರಬೇಕೋ? ಸ್ಮಾರಕ ಸಂರಕ್ಷಣೆಯ ತತ್ವಗಳನ್ನು ಹೇಳುವ 1964ರ ವೆನಿಸ್ ಸನ್ನದು, ಹೊಸದಾಗಿ ಸೇರಿಸಿದ್ದು ಹಳೆಯದರೊಂದಿಗೆ ಹೊಂದಬೇಕು, ಆದರೆ ಬೇರೆಯೆಂದು ಗುರುತೂ ಸಿಗಬೇಕು ಎನ್ನುತ್ತದೆ. ಅಮೆರಿಕದ ಒಕ್ಕೂಟ ಸರ್ಕಾರದ ಮಾನದಂಡಗಳೂ ಇದೇ ಮಾತನ್ನು ಹೇಳುತ್ತವೆ. ಹೇಳುವುದು ಸುಲಭ. ಗ್ರೀನಿಚ್ ವಿಲೇಜಿನ ಪಶ್ಚಿಮ 11ನೆಯ ಬೀದಿಯಲ್ಲಿ 1840ರ ದಶಕದ ಒಂದೇ ಅಚ್ಚಿನ ಮನೆಗಳ ಸಾಲಿದೆ. ಅದರಲ್ಲಿ 18ನೆಯ ಸಂಖ್ಯೆಯ ಮನೆಯ ನೆಲಮಾಳಿಗೆಯಲ್ಲಿ ವೆದರ್ ಅಂಡರ್‌ಗ್ರೌಂಡ್ ಎಂಬ ತೀವ್ರವಾದಿ ಗುಂಪಿನವರು ಬಾಂಬು ಕಟ್ಟುತ್ತಿದ್ದಾಗ 1970ರ ಮಾರ್ಚ್ 6ರಂದು ಸ್ಫೋಟವಾಗಿ ಗುಂಪಿನ ಮೂವರು ಸತ್ತರು, ಮನೆ ನೆಲಸಮವಾಯಿತು. ವಲಯ ಘೋಷಣೆಯಾಗಿ ಒಂದು ವರ್ಷವೂ ತುಂಬಿರಲಿಲ್ಲ. ವಾಸ್ತುಶಿಲ್ಪಿ ಹ್ಯೂ ಹಾರ್ಡಿ ಆ ಜಾಗಕ್ಕೆ ತಂದ ವಿನ್ಯಾಸ ಸಾಲಿನ ಇಟ್ಟಿಗೆ, ಎತ್ತರ, ಮೇಲಂಚಿನ ಗೆರೆ ಉಳಿಸಿಕೊಂಡಿತ್ತು. ಮುಂಗೋಡೆಯ ನಡುಭಾಗ ಮಾತ್ರ ಬೀದಿಗೆ ಓರೆಯಾಗಿ ತಿರುಗಿ, ಒಂದು ಮೂಲೆ ಪಾದಚಾರಿ ಮಾರ್ಗದ ಕಡೆ ಚಾಚಿತ್ತು. ಅಲ್ಲೊಂದು ಅನಾಹುತ ನಡೆದಿತ್ತೆಂಬುದನ್ನು ಗೋಡೆಯೇ ಹೇಳುವಂತಿತ್ತು. ಇದ್ದಂತೆಯೇ ಮರಳಿ ಕಟ್ಟಬೇಕೆಂದವರೂ, ನಕಲು ಕಟ್ಟುವುದು ಸುಳ್ಳು ಹೇಳಿದಂತೆ ಎಂದವರೂ ಸಮಸಮ ಇದ್ದರು. ಆಯೋಗದಲ್ಲೂ ಒಮ್ಮತವಿರಲಿಲ್ಲ, 1971ರಲ್ಲಿ ಭಿನ್ನಮತದ ನಡುವೆ ಒಪ್ಪಿಗೆ ಸಿಕ್ಕಿತು. ಮನೆ ಎದ್ದದ್ದು ಆ ದಶಕದ ಕೊನೆಗೆ, ಬೇರೆ ಮಾಲೀಕರ ಕೈಯಲ್ಲಿ. ಇಂದಿಗೂ ಅದನ್ನು ಮೆಚ್ಚುವವರು, ಮೂಗು ಮುರಿಯುವವರು ಇಬ್ಬರೂ ಇದ್ದಾರೆ. ಲಿಖಿತ ನಿಯಮದಿಂದ ಕಿಟಕಿಯನ್ನು ನಿರ್ಧರಿಸಬಹುದು, ಇಂಥದ್ದನ್ನು ನಿರ್ಧರಿಸಲಾಗದು. ಹನ್ನೊಂದು ಜನ ಕೂತು ವಾದಿಸುವ ವ್ಯವಸ್ಥೆ ಇರುವುದೇ ಇದಕ್ಕಾಗಿ.

ಇಷ್ಟೆಲ್ಲ ಹಿಡಿತ ಖಾಸಗಿ ಆಸ್ತಿಯ ಹಕ್ಕಿಗೆ ಧಕ್ಕೆಯಲ್ಲವೇ ಎಂಬ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದ ನೆತ್ತಿಯ ಮೇಲೆ ಮಾರ್ಸೆಲ್ ಬ್ರಾಯರ್ ವಿನ್ಯಾಸದ ಐವತ್ತಕ್ಕೂ ಹೆಚ್ಚು ಅಂತಸ್ತಿನ ಗೋಪುರ ಕಟ್ಟಲು ಪೆನ್ ಸೆಂಟ್ರಲ್ ಕಂಪನಿ ಅನುಮತಿ ಕೇಳಿತ್ತು; ಆಯೋಗ ಕೊಡಲಿಲ್ಲ. 1978ರಲ್ಲಿ ನ್ಯಾಯಾಲಯ 6–3 ಮತಗಳಿಂದ ನಗರದ ಪರ ತೀರ್ಪಿತ್ತಿತು. ನ್ಯಾಯಮೂರ್ತಿ ವಿಲಿಯಂ ಬ್ರೆನನ್ ಬರೆದ ಬಹುಮತದ ತೀರ್ಪಿನ ಸಾರ ಇಷ್ಟು: ನಿಲ್ದಾಣವನ್ನು ನಿಲ್ದಾಣವಾಗಿ ನಡೆಸಿ ಲಾಭ ಗಳಿಸಲು ಅಡ್ಡಿಯಿಲ್ಲ, ಕಟ್ಟಲಾಗದ ಎತ್ತರದ ಹಕ್ಕನ್ನು ಹತ್ತಿರದ ನಿವೇಶನಗಳಿಗೆ ವರ್ಗಾಯಿಸಲು ಅವಕಾಶವಿದೆ, ಆದ್ದರಿಂದ ಇದು ಪರಿಹಾರ ಕೊಡದೆ ಆಸ್ತಿ ಕಸಿದುಕೊಂಡಂತೆ ಆಗದು. ಮಾಲೀಕರ ನಿಜವಾದ ಸಂಕಷ್ಟಕ್ಕೆ ಕಾನೂನಿನಲ್ಲೇ ಒಂದು ಕಿಂಡಿಯಿದೆ. ಕಟ್ಟಡದಿಂದ ನಿರ್ಧಾರಿತ ಮೌಲ್ಯದ ಶೇ. 6ರಷ್ಟು ವಾರ್ಷಿಕ ನಿವ್ವಳ ಆದಾಯವೂ ಹುಟ್ಟದೆಂದು ಲೆಕ್ಕ ಸಹಿತ ತೋರಿಸಿದರೆ ಆಯೋಗ ದಾರಿ ಹುಡುಕಬೇಕು. ಧಾರ್ಮಿಕ, ದತ್ತಿ ಸಂಸ್ಥೆಗಳಿಗೆ ಅಳತೆ ಬೇರೆ: ಹಳೆಯ ಕಟ್ಟಡದಲ್ಲಿ ತಮ್ಮ ಸೇವಾಕಾರ್ಯ ನಡೆಸಲು ಸಾಧ್ಯವೇ ಇಲ್ಲವೆಂದು ತೋರಿಸಬೇಕು. ಸೇಂಟ್ ಬಾರ್ತಲೊಮ್ಯೂ ಚರ್ಚು ತನ್ನ ಸಮುದಾಯ ಭವನದ ಜಾಗದಲ್ಲಿ ಕಚೇರಿ ಗೋಪುರ ಕಟ್ಟಲು ಈ ವಾದ ಹೂಡಿತು. 1990ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ.

ಅರ್ಜಿಯನ್ನೇ ಹಾಕದೆ, ಸೋರುವ ಛಾವಣಿ ಸೋರಲೆಂದು ಬಿಟ್ಟು, ಕಟ್ಟಡ ತಾನಾಗಿ ಬೀಳಲೆಂದು ಕಾಯುವವರ ಮುಂದೆ ಪರಿಶೀಲನೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ನ್ಯೂಯಾರ್ಕಿನ ಕಾನೂನು ರಕ್ಷಿತ ಕಟ್ಟಡವನ್ನು ಸುಸ್ಥಿತಿಯಲ್ಲಿಡುವುದು ಮಾಲೀಕರ ಹೊಣೆ ಎನ್ನುತ್ತದೆ. 1840ರ ದಶಕದ ಸ್ಕಿಡ್‌ಮೋರ್ ಹೌಸ್ ಎಂಬ ಮನೆ ಶಿಥಿಲವಾದಾಗ ನಗರ ನ್ಯಾಯಾಲಯಕ್ಕೆ ಹೋಗಿ 2004ರಲ್ಲಿ ದುರಸ್ತಿಯ ಆದೇಶ ತಂದಿತು. ಹಣವಿಲ್ಲದ ಮಾಲೀಕರಿಗೆ ದಂಡನೆಯೊಂದೇ ಸಾಲದು ಎಂಬ ಅರಿವೂ ಇದೆ: ಕಡಿಮೆ ಆದಾಯದ ಮನೆಯೊಡೆಯರಿಗೆ ಆಯೋಗದಿಂದ ಸಣ್ಣ ಅನುದಾನವಿದೆ, ಆದಾಯ ತರುವ ಐತಿಹಾಸಿಕ ಕಟ್ಟಡದ ಪುನರುಜ್ಜೀವನದ ವೆಚ್ಚದಲ್ಲಿ ಶೇ. 20ರಷ್ಟಕ್ಕೆ ಒಕ್ಕೂಟ ಸರ್ಕಾರದ ತೆರಿಗೆ ರಿಯಾಯಿತಿ ಇದೆ. ಆದರೂ ಟೀಕೆ ನಿಂತಿಲ್ಲ. ಅರ್ಥಶಾಸ್ತ್ರಜ್ಞ ಎಡ್ವರ್ಡ್ ಗ್ಲೇಸರ್, ಮ್ಯಾನ್‌ಹಟನ್‌ನಲ್ಲಿ ಇಷ್ಟು ದೊಡ್ಡ ಪ್ರದೇಶವನ್ನು ವಲಯ ಮಾಡಿದ್ದರಿಂದ ಹೊಸ ಮನೆಗಳು ಏಳದೆ ಬಾಡಿಗೆ ಏರಿದೆ ಎಂದು ವಾದಿಸುತ್ತ ಬಂದಿದ್ದಾರೆ. ಈ ಟೀಕೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ವಲಯದ ಗಡಿ ಎಳೆಯುವಾಗಲೇ ಅದಕ್ಕೆ ಉತ್ತರ ಹುಡುಕಬೇಕೇ ಹೊರತು ಕಿಟಕಿಯ ಅರ್ಜಿ ಬಂದಾಗ ಅಲ್ಲ.

ಭಾರತದಲ್ಲಿ ಮೊದಲು ಇಂಥ ನಿಯಮ ತಂದದ್ದು ಮುಂಬೈ, 1995ರಲ್ಲಿ, ನಗರದ ಅಭಿವೃದ್ಧಿ ನಿಯಂತ್ರಣ ನಿಯಮಗಳ 67ನೆಯ ನಿಯಮವಾಗಿ. ಕಟ್ಟಡಗಳನ್ನೂ ಆವರಣಗಳನ್ನೂ ಪಟ್ಟಿಮಾಡಿ ಮೂರು ದರ್ಜೆಗಳಲ್ಲಿ ಇರಿಸಲಾಯಿತು. ಒಂದನೆಯ ದರ್ಜೆಯದಕ್ಕೆ ಒಳಗೂ ಹೊರಗೂ ಕೈಹಚ್ಚುವಂತಿಲ್ಲ, ಬಲಪಡಿಸುವುದಷ್ಟೇ ಸಾಧ್ಯ. ಎರಡನೆಯದರಲ್ಲಿ ಒಳಗಿನ ಬದಲಾವಣೆಗೆ ಅವಕಾಶ, ಹೊರಗಿನದಕ್ಕೆ ಪರಿಶೀಲನೆ. ಅದರ ಕೆಳವರ್ಗದಲ್ಲಿ ಅದೇ ನಿವೇಶನದಲ್ಲಿ ವಿಸ್ತರಣೆಗೂ ಎಡೆ. ಮೂರನೆಯದು ಇನ್ನೂ ಸಡಿಲ. ಮುಂಬೈ ಪಾರಂಪರಿಕ ಸಂರಕ್ಷಣಾ ಸಮಿತಿ ಅರ್ಜಿ ನೋಡಿ ಪಾಲಿಕೆ ಆಯುಕ್ತರಿಗೆ ಸಲಹೆ ಕೊಡುತ್ತದೆ. ನ್ಯೂಯಾರ್ಕಿನ ಆಯೋಗದಂತೆ ತಾನೇ ಅಂತಿಮ ಆದೇಶ ಹೊರಡಿಸುವುದಿಲ್ಲ. ದರ್ಜೆಯ ಪದ್ಧತಿಯ ಅನುಕೂಲ ಸ್ಪಷ್ಟ: ತನ್ನ ಕಟ್ಟಡದಲ್ಲಿ ಏನು ಸಾಧ್ಯ ಎಂಬುದು ಮಾಲೀಕರಿಗೆ ಅರ್ಜಿಗೆ ಮುಂಚೆಯೇ ಗೊತ್ತಾಗುತ್ತದೆ. ಮುಂಬೈಯ ದೊಡ್ಡ ತೊಡಕು ನಿಯಮದ ಹೊರಗಿನದು. 1947ರ ಬಾಡಿಗೆ ಕಾಯಿದೆ 1940ರ ಮಟ್ಟಕ್ಕೆ ಬಾಡಿಗೆಯನ್ನು ಕಟ್ಟಿಹಾಕಿದ್ದರಿಂದ ಮಾಲೀಕರಿಗೆ ಸುಣ್ಣ ಬಳಿಸುವಷ್ಟೂ ಹುಟ್ಟುವಳಿ ಇಲ್ಲದಾಯಿತು. 1860ರ ದಶಕದಲ್ಲಿ ಇಂಗ್ಲೆಂಡಿನಿಂದ ತಂದ ಎರಕದ ಕಬ್ಬಿಣದ ಚೌಕಟ್ಟಿನ ಮೇಲೆ ಎದ್ದ ವಾಟ್ಸನ್ಸ್ ಹೋಟೆಲು, ಈಗಿನ ಎಸ್‌ಪ್ಲನೇಡ್ ಮ್ಯಾನ್ಷನ್, ಪಟ್ಟಿಯಲ್ಲಿದ್ದೂ ಜೀರ್ಣವಾಗುತ್ತ ಹೋಯಿತು. 2005ರಲ್ಲಿ ಅದರ ಒಂದು ಭಾಗ ಕುಸಿಯಿತು. 2019ರಲ್ಲಿ ಅಲ್ಲಿದ್ದವರನ್ನೆಲ್ಲ ತೆರವುಗೊಳಿಸಬೇಕಾಯಿತು. ಬದಲಾವಣೆಯನ್ನು ತಡೆಯುವ ನಿಯಮ ಶಿಥಿಲತೆಯನ್ನು ತಡೆಯಲಿಲ್ಲ.

ಕರ್ನಾಟಕದಲ್ಲಿ ಜನರಿಗೆ ಹೆಚ್ಚು ಪರಿಚಯವಿರುವುದು ದೂರದ ಅಳತೆಯ ನಿಯಮ. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಾದ ತಿದ್ದುಪಡಿಯಂತೆ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡ ಇಲ್ಲವೇ ಇಲ್ಲ, ದುರಸ್ತಿಗೂ ಅನುಮತಿ ಬೇಕು. ಎರಡನೆಯದರಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಕಟ್ಟಬಹುದು. ರಾಜ್ಯದಲ್ಲಿ ಐನೂರಕ್ಕೂ ಹೆಚ್ಚು ಇಂಥ ಸ್ಮಾರಕಗಳಿವೆ. ವಿಜಯಪುರದಂಥ ಊರಿನಲ್ಲಿ ಒಂದು ಸ್ಮಾರಕದ ವೃತ್ತ ಇನ್ನೊಂದರ ವೃತ್ತದೊಳಕ್ಕೆ ನುಗ್ಗಿ, ಮನೆಯವರು ಟೇಪು ಹಿಡಿದು ಅಳೆಯುವಂತಾಗಿದೆ. ಈ ನಿಯಮ ಸ್ಮಾರಕಕ್ಕೆ ಉಸಿರಾಡಲು ಜಾಗ ಕೊಟ್ಟಿದೆ ನಿಜ. ಆದರೆ ಅದಕ್ಕೆ ದೂರ ಗೊತ್ತು, ಬೀದಿ ಗೊತ್ತಿಲ್ಲ: 90 ಮೀಟರಿನಲ್ಲಿರುವ ಸೊಗಸಾದ ಹಳೆಯ ಮನೆಗೂ ತಗಡಿನ ಶೆಡ್ಡಿಗೂ ಅದರ ಕಣ್ಣಿನಲ್ಲಿ ಭೇದವಿಲ್ಲ, 310 ಮೀಟರಿನಲ್ಲಿರುವ ಹಳೆಯ ಅಗ್ರಹಾರ ಅದರ ಕಣ್ಣಿಗೇ ಬೀಳದು. ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪವಿಧಿ ರಚಿಸಿ ಎತ್ತರ, ಮುಂಭಾಗ, ವಸ್ತುಗಳನ್ನು ಗೊತ್ತುಮಾಡಬೇಕೆಂದು ಅದೇ ತಿದ್ದುಪಡಿ ಹೇಳಿದೆ. ಆ ಕೆಲಸ ಆಮೆ ನಡಿಗೆಯಲ್ಲಿದೆ.

ಇನ್ನು ರಾಜ್ಯದ್ದೇ ಕಾನೂನುಗಳು. ಹಂಪಿಗೆ 2002ರ ಪ್ರತ್ಯೇಕ ಕಾಯಿದೆಯಡಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರವಿದೆ. ಮೈಸೂರಿನಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿ, ತಜ್ಞರ ಸಮಿತಿ ಎರಡೂ ಇವೆ. ಅವಿದ್ದರೂ 2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ನಾಲ್ವರು ಸತ್ತರು; 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ದುರಸ್ತಿ ಮಾಡಬಹುದೆಂದು ಒಂದು ತಜ್ಞರ ಗುಂಪು, ಕೆಡವಿ ಅದೇ ಮಾದರಿಯಲ್ಲಿ ಕಟ್ಟಬೇಕೆಂದು ಇನ್ನೊಂದು. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು, ಮಳಿಗೆಯವರು ನಡುವೆ ಸಿಕ್ಕಿಕೊಂಡರು. ಎರಡೂ ಸಾರ್ವಜನಿಕ ಆಸ್ತಿ, ಎರಡರಲ್ಲೂ ಬಾಡಿಗೆದಾರರ ಸಾಲು ಸಾಲು ಅಂಗಡಿ. ಹತ್ತಾರು ವರ್ಷ ಒಬ್ಬೊಬ್ಬರು ಒಂದೊಂದು ಕಡೆ ಅಟ್ಟ ಹಾಕಿ, ಗೋಡೆ ಕೊರೆದು, ನೀರಿನ ದಾರಿ ಮುಚ್ಚಿದರೆ ಅದನ್ನು ನೋಡಬೇಕಾದ ಸಣ್ಣ ಕೆಲಸದ ಪರವಾನಗಿಯಂಥದ್ದು ಇಲ್ಲಿ ರೂಢಿಯಲ್ಲೇ ಇಲ್ಲ. ಸಮಿತಿಯ ಮುಂದೆ ಕಡತ ಬರುವ ಹೊತ್ತಿಗೆ ಪ್ರಶ್ನೆ ಕೆಡವುವುದೋ ಬಿಡುವುದೋ ಎಂಬಲ್ಲಿಗೆ ಮುಟ್ಟಿರುತ್ತದೆ.

ಬೆಂಗಳೂರು 1976ರಲ್ಲೇ ನಗರ ಕಲಾ ಆಯೋಗ ಕಂಡಿತ್ತು. 1868ರಲ್ಲಿ ಪೂರ್ಣಗೊಂಡ ಅಠಾರಾ ಕಚೇರಿಯನ್ನು 1980ರ ದಶಕದಲ್ಲಿ ಕೆಡವಲು ಹೊರಟಾಗ ಎದ್ದ ಸಾರ್ವಜನಿಕ ವಿರೋಧ, ನ್ಯಾಯಾಲಯದ ಹೋರಾಟಗಳ ನಂತರ ಅದು ಉಳಿಯಿತು. ಆಯೋಗದ ಅಧ್ಯಕ್ಷರಾಗಿದ್ದ ಟಿ. ಪಿ. ಇಸ್ಸಾರ್ ಅವರು ನಗರದ ನೂರಾರು ಕಟ್ಟಡಗಳನ್ನು ದಾಖಲಿಸಿದ ‘ದಿ ಸಿಟಿ ಬ್ಯೂಟಿಫುಲ್’ ಗ್ರಂಥ 1988ರಲ್ಲಿ ಬಂತು. ಆ ದಾಖಲೆಗೆ ಕಾನೂನಿನ ಬಲ ಇರಲಿಲ್ಲ; 2001ರಲ್ಲಿ ಆಯೋಗವೂ ಮುಚ್ಚಿತು. ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮಂಗಳೂರು ಹೆಂಚಿನ, ಕಿಟಕಿಯ ಮೇಲೆ ಮರದ ಮಂಕಿ ಟಾಪ್ ಹೊತ್ತ, ಮುಂದೆ ಜಗಲಿ, ಹಿಂದೆ ಬಾವಿ ಇದ್ದ ಮನೆಗಳು ಒಂದೊಂದಾಗಿ ಹೋದವು. ಅವುಗಳಲ್ಲಿ ಯಾವುದೂ ಅಠಾರಾ ಕಚೇರಿಯಷ್ಟು ದೊಡ್ಡದಲ್ಲ, ಒಂದೊಂದಕ್ಕೇ ನ್ಯಾಯಾಲಯಕ್ಕೆ ಹೋಗುವವರಿಲ್ಲ. ನ್ಯೂ ಆರ್ಲಿಯನ್ಸಿನ ನ್ಯಾಯಾಲಯ ಹೇಳಿದ ಒಟ್ಟು ನೋಟದ ತರ್ಕವೊಂದೇ ಅವನ್ನು ಕಾಣಬಲ್ಲದಾಗಿತ್ತು.

ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಡಿ ಈಗ ಪಾರಂಪರಿಕ ಕಟ್ಟಡ, ಪಾರಂಪರಿಕ ಆವರಣ ಎರಡಕ್ಕೂ ಸ್ಥಾನವಿದೆ. ಕಾನೂನಿನ ಆಧಾರ ಇಲ್ಲವೆನ್ನುವಂತಿಲ್ಲ. ಇಲ್ಲದಿರುವುದು ಮನೆಮನೆಯ ದಾಖಲೆ: ಯಾವ ಬೀದಿಯಲ್ಲಿ ಎಷ್ಟು ಮೂಲ ಕಿಟಕಿಗಳಿವೆ, ಯಾವ ಜಗಲಿ ಮುಚ್ಚಿಹೋಗಿದೆ, ಯಾವ ಗೋಡೆ ಸುಣ್ಣದ್ದು ಎಂಬ ಪಟ್ಟಿ. ಅದಿಲ್ಲದೆ ಯಾವ ಸಮಿತಿಯೂ ಅರ್ಜಿಯನ್ನು ಯಾವುದರ ಎದುರೂ ಹಿಡಿದು ನೋಡಲಾರದು. ಬೆಂಗಳೂರಿನಲ್ಲಿ ಇ-ಖಾತಾ ಪಡೆಯುವವರು ಈಗ ತಮ್ಮ ಆಸ್ತಿಯ ಫೋಟೊ ಸಲ್ಲಿಸಬೇಕು. ನ್ಯೂಯಾರ್ಕಿನ ತೆರಿಗೆ ಚಿತ್ರಗಳಂತೆ ಅದನ್ನೂ ತೆಗೆಯುತ್ತಿರುವುದು ಕಂದಾಯದ ಲೆಕ್ಕಕ್ಕೆ. ಆ ಚಿತ್ರಗಳನ್ನು ಬಡಾವಣೆವಾರು ಜೋಡಿಸಿ ಸಂರಕ್ಷಣಾ ಸಮಿತಿಗಳ ಕೈಗೂ ಸಿಗುವಂತೆ ಇಟ್ಟರೆ, ಹಳೆಯ ಬಡಾವಣೆಗಳ ಮೊದಲ ದಾಖಲೆಗೆ ಬೇರೆ ಸಮೀಕ್ಷೆಗಾಗಿ ಕಾಯಬೇಕಾಗಿಲ್ಲ.